ಕದ್ದಾಲಿಸಿದವಳ ಕಿವಿಮಾತು

ಮಕ್ಕಳೇ, ಬುದ್ಧಿ ಹೇಳುವುದಕ್ಕೆ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಅದನ್ನು ಮುಚ್ಚಿಟ್ಟು ಮಾತಾಡಿದರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ.

ನಾನು ಟೆಲಿಫೋನ್ ಆಪರೇಟರ್ ಆಗಿದ್ದವಳು. 1973ರಲ್ಲಿ ಕೆಲಸಕ್ಕೆ ಸೇರಿದಾಗ ನನಗೆ 21 ವರ್ಷ. ಮಲೆನಾಡಿನ ಒಂದು ಪುಟ್ಟ ಊರು. ಅಂಚೆ ಕಚೇರಿಯ ಹಿಂಬದಿಯ ಕೋಣೆಯಲ್ಲಿ ಎಕ್ಸ್‌ಚೇಂಜು. ಈಗ ನಿಮಗೆ ದುಬೈಗೋ ಡಲ್ಲಾಸಿಗೋ ಮುಖ ನೋಡಿಕೊಂಡೇ ಮಾತಾಡುವುದು ನೀರು ಕುಡಿದಷ್ಟು ಸಲೀಸು. ಆಗ ಶಿವಮೊಗ್ಗಕ್ಕೆ ಮಾತಾಡಬೇಕೆಂದರೂ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರ್ಜೆಗಳು. ಅಡಿಕೆ ಮಂಡಿಯವರು ಅರ್ಜೆಂಟ್ ಹಾಕುತ್ತಿದ್ದರು, ಸಾವಿನ ಸುದ್ದಿ ಇದ್ದವರು ಲೈಟ್ನಿಂಗ್, ಉಳಿದವರು ಬೆಂಚಿನ ಮೇಲೆ ಆಕಳಿಸುತ್ತ ಕೂರುತ್ತಿದ್ದರು. ಲೈನು ಸಿಕ್ಕಿದಾಗ ನಾನು ಬೋರ್ಡಿಗೆ ಪ್ಲಗ್ಗು ಚುಚ್ಚಿ, ಕೀ ಎತ್ತಿ, ಎರಡೂ ಕಡೆಗೆ ‘ಹಲೋ, ಮಾತಾಡಿ’ ಅನ್ನಬೇಕು. ಮಾತು ಹತ್ತಿತು ಎಂದು ಖಾತ್ರಿಯಾದ ಮೇಲೆ ಕೀಯನ್ನು ಮೊದಲಿನ ಜಾಗಕ್ಕೆ ತರಬೇಕು. ತಂದರೆ ನನ್ನ ಕಿವಿ ಮುಚ್ಚಿತು. ತರದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಆ ಊರಿನ ಹೈಸ್ಕೂಲಿಗೆ ಒಬ್ಬ ಹುಡುಗಿ ಟೀಚರಾಗಿ ಬಂದಿದ್ದಳು. ಪ್ರತಿ ಶನಿವಾರ ಸಂಜೆ ಬಂದು ಮಂಗಳೂರಿನ ಒಂದು ನಂಬರಿಗೆ ಪಿ.ಪಿ. ಕಾಲ್ ಬುಕ್ ಮಾಡುತ್ತಿದ್ದಳು. ಅಂದರೆ ಆ ಕಡೆ ಇಂಥವರೇ ಬಂದು ಫೋನ್ ಎತ್ತಬೇಕು. ನನ್ನನ್ನು ‘ಅಕ್ಕಾ’ ಎಂದು ಕರೆಯುತ್ತಿದ್ದಳು. ಮೊದಲ ವಾರ ಲೈನು ಕೆಟ್ಟಿತ್ತು, ಕಡಿದುಹೋದೀತೆಂದು ಕೀ ಹಾಗೇ ಬಿಟ್ಟೆ. ಎರಡನೇ ವಾರ ಲೈನು ಸರಿಯಿತ್ತು, ಆದರೂ ಬಿಟ್ಟೆ. ಮೂರನೇ ವಾರದ ಹೊತ್ತಿಗೆ ನನಗೆ ಅದು ವಾರಪತ್ರಿಕೆಯ ಧಾರಾವಾಹಿಯಾಗಿತ್ತು. ಆ ಕಡೆಯ ಹುಡುಗನದು ಬೇರೆ ಜಾತಿ, ಅವಳ ಮನೆಯಲ್ಲಿ ಗೊತ್ತಿಲ್ಲ, ಅವನಿಗೆ ಖಾಯಂ ಕೆಲಸ ಸಿಗಬೇಕು, ಸಿಕ್ಕಿದ ಮೇಲೆ ಇಬ್ಬರೂ ಹೇಳುವುದು. ಮೂರು ಮೂರು ನಿಮಿಷದ ಕಂತುಗಳಲ್ಲಿ ಇಷ್ಟೆಲ್ಲ ನನಗೆ ತಿಳಿಯಿತು.

ಒಂದು ಮಧ್ಯಾಹ್ನ ನಾನಿದ್ದ ಮನೆಯ ಯಜಮಾನಿಯ ಜೊತೆ ಕೂತು ಹಲಸಿನ ಹಪ್ಪಳ ಒಣಹಾಕುತ್ತ ಅದನ್ನು ಹೇಳಿದೆ. ದ್ವೇಷ ಇರಲಿಲ್ಲ. ‘ಪಾಪ, ಒಳ್ಳೆ ಜೋಡಿ’ ಎಂದೇ ಹೇಳಿದೆ. ‘ಯಾರಿಗೂ ಹೇಳಬೇಡಿ’ ಎಂದೂ ಅಂದೆ. ಹದಿನೈದು ದಿನದಲ್ಲಿ ಆ ಟೀಚರಿನ ಅಪ್ಪ ಎತ್ತಿನಗಾಡಿ ತಂದು ಟ್ರಂಕು, ಹಾಸಿಗೆ ಸುತ್ತಿ ಹಾಕಿಕೊಂಡು ಹೋದರು. ಹೊರಡುವ ಮೊದಲು ಅವಳು ನನ್ನ ಕಿಟಕಿಗೆ ಬಂದಳು. ಕಾಲ್ ಬುಕ್ ಮಾಡಲು ಬಂದಳೆಂದು ಚೀಟಿ ತೆಗೆದುಕೊಂಡೆ. ಅವಳು ಕೇಳಿದ್ದು ಒಂದೇ ಮಾತು: “ಅಕ್ಕಾ, ನಿಮಗೆ ಲೈನು ಕ್ಲಿಯರಾಗಿ ಕೇಳಿಸ್ತಿತ್ತಾ?”

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಅಡಿಕೆ ಸೀಮೆಯಲ್ಲೇ ಕೂತು ನಾನು ಅದನ್ನು ಕಲಿತೆ. ಅಲ್ಲಿ ಹೋಗಿದ್ದು ನನ್ನ ಮಾನ ಮಾತ್ರ ಆಗಿರಲಿಲ್ಲ.

ಈಗ ಇದು ನೆನಪಾಗಲು ಕಾರಣ ನನ್ನ ಮೊಮ್ಮಗಳು. ಬೆಂಗಳೂರಿನಲ್ಲಿ ನನ್ನ ಜೊತೆಯೇ ಇದ್ದು ಓದುತ್ತಿದ್ದಾಳೆ. ಕಾಲೇಜಿನಲ್ಲಿ ಅವಳಿಗೊಂದು ಪ್ರಾಜೆಕ್ಟ್ ಕೊಟ್ಟರು: ಪ್ರಜೆಗಳ ಮೇಲೆ ಸದಾ ಕಣ್ಣಿಡುವ ಕರಾಳ ರಾಜ್ಯಗಳನ್ನು ವೈಜ್ಞಾನಿಕ ಕಲ್ಪನೆಯ ಸಿನಿಮಾಗಳು ಹೇಗೆ ತೋರಿಸಿವೆ ಎಂಬ ವಿಷಯ. ‘ಅಜ್ಜಿ, ನೀನೂ ನೋಡು’ ಎಂದಳು. ಒಂದು ತಿಂಗಳು ರಾತ್ರಿ ಊಟ ಮುಗಿಸಿ, ಅವಳ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟುಕೊಂಡು ಇಬ್ಬರೂ ನೋಡಿದೆವು. ಜರ್ಮನಿಯ ಫ್ರಿಟ್ಜ್ ಲ್ಯಾಂಗ್ 1927ರಲ್ಲಿ ತೆಗೆದ ‘ಮೆಟ್ರೊಪೊಲಿಸ್’ನಿಂದ ಶುರು. ಅದರಲ್ಲಿ ಆಗಲೇ ಧಣಿ ತನ್ನ ಕೋಣೆಯ ಗೋಡೆಯ ಪರದೆಯಲ್ಲಿ ಕೆಳಗಿನ ಕಾರ್ಖಾನೆಯ ಮೇಸ್ತ್ರಿಯ ಮುಖ ನೋಡಿ ಮಾತಾಡುತ್ತಾನೆ. 1936ರ ‘ಮಾಡರ್ನ್ ಟೈಮ್ಸ್’ನಲ್ಲಿ ಚಾಪ್ಲಿನ್ ಕೆಲಸದ ನಡುವೆ ಬಚ್ಚಲುಮನೆಗೆ ಹೋಗಿ ಸಿಗರೇಟು ಹಚ್ಚಿದರೆ, ಅಲ್ಲೂ ಗೋಡೆಯ ಮೇಲೆ ಮಾಲೀಕ ಪ್ರತ್ಯಕ್ಷನಾಗಿ ಗದರುತ್ತಾನೆ. ಆ ಚಿತ್ರದಲ್ಲಿ, ಕೊನೆಯಲ್ಲಿ ಚಾಪ್ಲಿನ್ ಹಾಡುವ ಅರ್ಥವಿಲ್ಲದ ಹಾಡನ್ನು ಬಿಟ್ಟರೆ, ಮನುಷ್ಯರ ಮಾತು ಕೇಳಿಸುವುದೇ ಯಂತ್ರಗಳ ಮೂಲಕ. ನಾವಿಬ್ಬರೂ ನಕ್ಕೆವು. ಆಮೇಲಿನ ಚಿತ್ರಗಳಲ್ಲಿ ನಗು ಕಡಿಮೆಯಾಯಿತು.

ಒಂದು ವ್ಯತ್ಯಾಸ ನನ್ನ ಗಮನಕ್ಕೆ ಬಂತು. ಮೊಮ್ಮಗಳು ನೋಡುತ್ತಿದ್ದದ್ದು ಕ್ಯಾಮೆರಾವನ್ನು, ಸರ್ಕಾರವನ್ನು, ತಪ್ಪಿಸಿಕೊಂಡು ಓಡುವ ನಾಯಕನನ್ನು. ನಾನು ನೋಡುತ್ತಿದ್ದದ್ದು ಬೋರ್ಡಿನ ಮುಂದೆ ಕೂತವರನ್ನು. ಸಂಬಳಕ್ಕೆ ಕೂತು ನೋಡುವವರು, ಕೇಳುವವರು, ಬರೆದುಕೊಳ್ಳುವವರು. ಎಲ್ಲ ಚಿತ್ರಗಳಲ್ಲೂ ಅವರಿದ್ದಾರೆ. ಯಾರೂ ಅವರ ಬಗ್ಗೆ ಪ್ರಾಜೆಕ್ಟ್ ಬರೆಯುವುದಿಲ್ಲ.

ಜಾರ್ಜ್ ಲ್ಯೂಕಸ್ ‘ಸ್ಟಾರ್ ವಾರ್ಸ್’ ತೆಗೆಯುವುದಕ್ಕೆ ಮುಂಚೆ, 1971ರಲ್ಲಿ, ‘ಟಿಎಚ್‌ಎಕ್ಸ್ 1138’ ಎಂಬ ಚಿತ್ರ ಮಾಡಿದ. ಅದೇ ನಾಯಕನ ಹೆಸರು ಕೂಡ. ಅಲ್ಲಿ ಮನುಷ್ಯರಿಗೆ ಅಕ್ಷರ ಮತ್ತು ಅಂಕಿಗಳೇ ಹೆಸರು. ಎಲ್ಲರ ತಲೆ ಬೋಳು, ಎಲ್ಲರಿಗೂ ಬಿಳಿ ಬಟ್ಟೆ, ದಿನಾ ಮಾತ್ರೆ ನುಂಗದಿದ್ದರೆ ಅಪರಾಧ, ಪ್ರೀತಿ ಮಾಡಿದರೆ ಇನ್ನೂ ದೊಡ್ಡ ಅಪರಾಧ. ಸ್ಯಾನ್ ಫ್ರಾನ್ಸಿಸ್ಕೊ ಕಡೆ ಆಗಿನ್ನೂ ಕಟ್ಟಿ ಮುಗಿಯದ ಮೆಟ್ರೋ ರೈಲಿನ ಸುರಂಗಗಳಲ್ಲಿ ಅದರ ಕೆಲವು ಭಾಗ ಚಿತ್ರೀಕರಿಸಿದರಂತೆ. ಅದರಲ್ಲಿ ಒಂದು ದೃಶ್ಯವಿದೆ. ನಾಯಕನನ್ನು ಹಿಡಿದು ಹಾಕಿದ್ದಾರೆ. ಎಲ್ಲೋ ಕೂತ ಇಬ್ಬರು ಯಂತ್ರದ ಗುಂಡಿಗಳನ್ನು ತಿರುಗಿಸಿ ಅವನ ಮೈಯನ್ನು ಕುಣಿಸುತ್ತಿದ್ದಾರೆ. ಒಬ್ಬ ಇನ್ನೊಬ್ಬನಿಗೆ ಕೆಲಸ ಕಲಿಸುತ್ತಿದ್ದಾನೆ. ಈ ಗುಂಡಿ ಯಾವುದಕ್ಕೆ, ಇದನ್ನು ಇನ್ನೂ ತಿರುಗಿಸಿದರೆ ಏನಾಗುತ್ತದೆ ಎಂದು ಹರಟೆಯ ಧಾಟಿಯಲ್ಲಿ ಮಾತಾಡುತ್ತಾರೆ. ಪರದೆಯ ಮೇಲೆ ಆ ಮನುಷ್ಯ ಒದ್ದಾಡುತ್ತಿದ್ದಾನೆ. ಇವರಿಗೆ ಅವನ ಮೇಲೆ ಸಿಟ್ಟಿಲ್ಲ, ಅವನು ಯಾರೆಂದೂ ಬೇಕಿಲ್ಲ.

ನಾನು ಅಲ್ಲಿ ಲ್ಯಾಪ್‌ಟಾಪ್ ನಿಲ್ಲಿಸಲು ಹೇಳಿ ನೀರು ಕುಡಿದು ಬಂದೆ. ನಾನು ಹೊಸದಾಗಿ ಸೇರಿದಾಗ ಹಿರಿಯ ಆಪರೇಟರ್ ಒಬ್ಬರು ನನಗೆ ಬೋರ್ಡು ತೋರಿಸಿಕೊಟ್ಟದ್ದೂ ಅದೇ ಧಾಟಿಯಲ್ಲಿ: ಈ ಕೀ ಇದಕ್ಕೆ, ಆ ಕೀ ಅದಕ್ಕೆ, ಬೇಜಾರಾದರೆ ಇದನ್ನು ಎತ್ತಿ ಕೇಳಬಹುದು.

ಈಗ ನಿಮ್ಮ ಕೈಯನ್ನು ನೋಡಿಕೊಳ್ಳಿ. ನಾವಿರುವ ಅಪಾರ್ಟ್‌ಮೆಂಟಿನಲ್ಲಿ ಗೇಟಿಗೊಂದು ಆ್ಯಪ್ ಇದೆ. ಮನೆಕೆಲಸದ ಹೆಂಗಸು ಎಷ್ಟು ಹೊತ್ತಿಗೆ ಒಳಗೆ ಬಂದಳು, ಯಾವ ಯಾವ ಮನೆಗೆ ಹೋದಳು, ಎಷ್ಟಕ್ಕೆ ಹೊರಟಳು ಎಂದು ಎಲ್ಲರ ಫೋನಿಗೂ ಬರುತ್ತದೆ. ಅವಳಿಗೆ ನಕ್ಷತ್ರ ಕೊಡುವ ಸೌಲಭ್ಯವೂ ಇದೆ, ಹೋಟೆಲಿನ ದೋಸೆಗೆ ಕೊಟ್ಟಹಾಗೆ. ನಮ್ಮ ಎದುರು ಮನೆಯ ಹುಡುಗ, ಒಳ್ಳೆಯವನೇ, ನನ್ನ ತರಕಾರಿ ಚೀಲ ಹೊತ್ತುಕೊಡುವವನು, ಒಂದು ದಿನ ಲಿಫ್ಟಿನಲ್ಲಿ ಹೇಳಿದ: “ಆಂಟಿ, ನಿಮ್ಮ ಕೆಲಸದವರು ಮಂಗಳವಾರ ಇಪ್ಪತ್ತು ನಿಮಿಷ ಗೇಟಿನ ಹತ್ತಿರ ನಿಂತಿದ್ದರು, ನೋಡಿದ್ರಾ?” ಯಾಕೆ ನೋಡಬೇಕಪ್ಪಾ ಎಂದು ಕೇಳಿದೆ. ಅವನ ಬಳಿ ಉತ್ತರವಿರಲಿಲ್ಲ. ನೋಡಲು ಬರುತ್ತದೆ, ಅದಕ್ಕೇ ನೋಡಿದ. ಅವಳು ಆ ಇಪ್ಪತ್ತು ನಿಮಿಷ ಊರಿಂದ ಬಂದ ಮಗನ ಜೊತೆ ಮಾತಾಡುತ್ತಿದ್ದಳು ಎಂದು ಆಮೇಲೆ ಅವಳೇ ಹೇಳಿದಳು. ನಾನು ಕೇಳಿರಲಿಲ್ಲ.

ನನ್ನ ಆತಂಕ ಇಲ್ಲಿದೆ, ಬೇರೆಲ್ಲೂ ಇಲ್ಲ. ನಿಮ್ಮನ್ನು ಯಾರೋ ನೋಡುತ್ತಿದ್ದಾರೆ ಎಂದು ನಿಮಗೆ ಎಚ್ಚರಿಸುವವರು ಬೇಕಾದಷ್ಟಿದ್ದಾರೆ. ನೀವೇ ನೋಡುವವರಾಗುತ್ತಿದ್ದೀರಿ ಎಂದು ಹೇಳುವವರು ಕಡಿಮೆ. ಬೋರ್ಡಿನ ಮುಂದೆ ಒಂದು ಕಾಲಕ್ಕೆ ಊರಿಗೊಬ್ಬಳು ಕೂತಿದ್ದಳು. ಈಗ ಪ್ರತಿಯೊಬ್ಬರ ಜೇಬಿನಲ್ಲೂ ಬೋರ್ಡಿದೆ.

ನೆನಪಿಡಿ, ಅದೇ ‘ಟಿಎಚ್‌ಎಕ್ಸ್ 1138’ ಚಿತ್ರದಲ್ಲಿ ನಾಯಕನ ಜೊತೆ ಒಂದೇ ಮನೆಯಲ್ಲಿರುವ ಲಹ್ ಎಂಬ ಹೆಂಗಸಿನ ಕೆಲಸವೂ ಪರದೆಗಳ ಮುಂದೆ ಕೂತು ಜನರನ್ನು ನೋಡುವುದೇ. ದಿನವಿಡೀ ನೋಡುವವಳು. ಆದರೆ ಮೊದಲು ಮಾತ್ರೆ ನಿಲ್ಲಿಸುವವಳು ಅವಳು, ಅವನ ಮಾತ್ರೆ ಬದಲಾಯಿಸಿ ಅವನನ್ನು ಎಚ್ಚರಿಸುವವಳೂ ಅವಳೇ. ಕೊನೆಗೆ ಅವಳನ್ನು ಮುಗಿಸಿ, ಅವಳ ಸಂಖ್ಯೆಯನ್ನು ಗಾಜಿನ ಪಾತ್ರೆಯೊಳಗೆ ಬೆಳೆಯುತ್ತಿರುವ ಒಂದು ಭ್ರೂಣಕ್ಕೆ ಕೊಟ್ಟಿರುತ್ತಾರೆ. ನೋಡುವ ಕುರ್ಚಿಯಿಂದ ಎದ್ದು ಬರಬಹುದು ಎಂದು ತೋರಿಸಿದ್ದಕ್ಕೆ ನನಗೆ ಆ ಪಾತ್ರ ಇಷ್ಟವಾಯಿತು. ಎದ್ದದ್ದಕ್ಕೆ ಅವಳು ತೆತ್ತ ಬೆಲೆಯನ್ನು ನಿಮ್ಮಿಂದ ಯಾರೂ ಕೇಳುವುದಿಲ್ಲ. ನೀವು ಬರೀ ಫೋನ್ ಕೆಳಗಿಟ್ಟರೆ ಸಾಕು.

‘ಫ್ಯಾರನ್‌ಹೈಟ್ 451’ ನಾನು ಮೊದಲು ನೋಡಿದ್ದು ಬೆಂಗಳೂರಿಗೆ ವರ್ಗವಾಗಿ ಬಂದ ಹೊಸದರಲ್ಲಿ, ಒಂದು ಫಿಲ್ಮ್ ಸೊಸೈಟಿಯಲ್ಲಿ. ಕಬ್ಬಿಣದ ಮಡಚುವ ಕುರ್ಚಿಗಳು, ರೀಲು ಬದಲಾಯಿಸುವಾಗ ಲೈಟು ಹಾಕುತ್ತಿದ್ದರು. ರೇ ಬ್ರಾಡ್‌ಬರಿಯ 1953ರ ಕಾದಂಬರಿಯನ್ನು ಫ್ರಾನ್ಸಿನ ತ್ರೂಫೋ 1966ರಲ್ಲಿ ಇಂಗ್ಲಿಷಿನಲ್ಲಿ ಚಿತ್ರ ಮಾಡಿದ. ಪುಸ್ತಕ ಓದುವುದು ನಿಷಿದ್ಧವಾದ ರಾಜ್ಯ. ಅಗ್ನಿಶಾಮಕ ದಳದವರ ಕೆಲಸ ಬೆಂಕಿ ಆರಿಸುವುದಲ್ಲ, ಪುಸ್ತಕ ಸುಡುವುದು. ಓದೇ ಇಲ್ಲದ ಲೋಕವೆಂದು ತೋರಿಸಲು ಚಿತ್ರದ ಆರಂಭದಲ್ಲಿ ಹೆಸರುಗಳನ್ನು ಬರಹದಲ್ಲಿ ಕಾಣಿಸುವುದಿಲ್ಲ, ಮನೆಗಳ ಮೇಲಿನ ಟಿವಿ ಆಂಟೆನಾಗಳನ್ನು ತೋರಿಸುತ್ತ ಬಾಯಲ್ಲಿ ಹೇಳುತ್ತಾರೆ. ಎಲ್ಲರೂ ಮಾತಾಡಿಕೊಳ್ಳುವುದು ಪುಸ್ತಕ ಸುಡುವ ದೃಶ್ಯಗಳ ಬಗ್ಗೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದು ಡಬ್ಬಿ.

ಅಗ್ನಿಶಾಮಕ ಠಾಣೆಯ ಹೊರಗೆ ಅಂಚೆ ಡಬ್ಬಿಯಂಥದ್ದೊಂದಿದೆ. ಯಾರ ಮನೆಯಲ್ಲಿ ಪುಸ್ತಕವಿದೆ ಎಂದು ಸಂಶಯವೋ ಅವರ ಸುಳಿವನ್ನು ಅದಕ್ಕೆ ಹಾಕಬೇಕು. ಒಬ್ಬ ಮನುಷ್ಯ ಅದರ ಹತ್ತಿರ ಬರುತ್ತಾನೆ, ಹಿಂದೆ ಸರಿಯುತ್ತಾನೆ, ಸುತ್ತ ನೋಡುತ್ತಾನೆ, ಮತ್ತೆ ಬರುತ್ತಾನೆ. ಆ ಹಿಂಜರಿಕೆಯನ್ನು ಗಮನಿಸಿ. ಅವನೊಳಗೆ ಇನ್ನೂ ಯಾರೋ ಬೇಡ ಅನ್ನುತ್ತಿದ್ದಾರೆ. ಕಥೆಯ ಕೊನೆಗೆ ನಾಯಕನ ಹೆಂಡತಿಯೇ ಅವನ ಫೋಟೊವನ್ನು ಆ ಡಬ್ಬಿಗೆ ಹಾಕುತ್ತಾಳೆ. ಆಕೆ ದುಷ್ಟೆಯಲ್ಲ. ಗೋಡೆಯ ಟಿವಿ ಪರದೆಯವರನ್ನೇ ತನ್ನ ಬಳಗವೆಂದು ನಂಬಿ, ಮನೆಯಲ್ಲಿದ್ದವನ ಜೊತೆ ಮಾತಾಡುವುದನ್ನು ಮರೆತವಳು, ಅಷ್ಟೆ.

ಇವತ್ತು ಆ ಡಬ್ಬಿಯ ಹತ್ತಿರ ನಡೆದುಹೋಗುವಷ್ಟು ದೂರವೂ ನಿಮಗಿಲ್ಲ, ಹಿಂಜರಿಯಲು ಪುರುಸೊತ್ತೂ ಇಲ್ಲ. ಗೆಳತಿ ರಾತ್ರಿ ಹನ್ನೊಂದಕ್ಕೆ ದುಃಖ ತಡೆಯದೆ ಬರೆದದ್ದನ್ನು ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಗ್ರೂಪಿಗೆ ಹಾಕುತ್ತೀರಿ. ‘ಯಾರಿಗೂ ಹೇಳಬೇಡ’ ಎಂದೂ ಬರೆಯುತ್ತೀರಿ. ಮೆಟ್ರೋದಲ್ಲಿ ಬಾಯಿ ತೆರೆದು ನಿದ್ದೆ ಹೋದ ಹೆಂಗಸನ್ನು ವಿಡಿಯೊ ಮಾಡಿ ಹಿಂದೆ ತಮಾಷೆಯ ಹಾಡು ಸೇರಿಸುತ್ತೀರಿ. ಅವಳು ಎರಡು ಪಾಳಿ ಮುಗಿಸಿ ಬಂದವಳೋ ಏನೋ. ಪಾರ್ಕಿನ ಬೆಂಚಿನ ಮೇಲೆ ಕೂತ ಹುಡುಗ ಹುಡುಗಿಯ ಫೋಟೊ ಬಡಾವಣೆಯ ಗ್ರೂಪಿಗೆ ಬರುತ್ತದೆ, ‘ಇವರು ಯಾರ ಮನೆಯವರು?’ ಎಂಬ ಪ್ರಶ್ನೆಯೊಡನೆ. ಅದನ್ನು ಹಾಕಿದ್ದು ನನ್ನ ವಯಸ್ಸಿನವರೇ ಇರಬಹುದು, ಒಪ್ಪುತ್ತೇನೆ. ಊರುಸಾಬರಿ ನಮ್ಮ ಪೀಳಿಗೆಯಿಂದಲೇ ಬಂದದ್ದು. ಆದರೆ ನಮ್ಮ ಊರುಸಾಬರಿ ಹಪ್ಪಳದ ಚಾಪೆಯಿಂದ ಊರ ಗಡಿಯವರೆಗೆ ಹೋಗಲು ಹದಿನೈದು ದಿನ ಹಿಡಿಯುತ್ತಿತ್ತು. ಹಾಗಾಗಿ ಕಳಿಸುವ ಮೊದಲು ಆ ಡಬ್ಬಿಯ ಮುಂದೆ ನಿಂತವನಂತೆ ಒಮ್ಮೆ ಹಿಂದೆ ಸರಿಯಿರಿ. ಒಂದು ರಾತ್ರಿ ಮಲಗಿ ಎದ್ದ ಮೇಲೆ ಕಳಿಸುತ್ತೇನೆ ಎಂದುಕೊಳ್ಳಿ. ಬೆಳಗಾದರೆ ಹತ್ತರಲ್ಲಿ ಒಂಬತ್ತನ್ನು ಕಳಿಸಬೇಕೆನ್ನಿಸುವುದಿಲ್ಲ.

‘ಇದೆಲ್ಲ ಸಣ್ಣಪುಟ್ಟದ್ದು ಅಜ್ಜಿ, ದೊಡ್ಡ ದಬ್ಬಾಳಿಕೆಯೇ ಬೇರೆ’ ಎಂದಳು ಮೊಮ್ಮಗಳು. ಅದಕ್ಕೆ ನಾನು ಪೂರ್ವ ಜರ್ಮನಿಯ ಮಾತು ಹೇಳಿದೆ. ಅದು ಸಿನಿಮಾದ ಕಲ್ಪನೆಯಲ್ಲ, ನಡೆದದ್ದು. ಅಲ್ಲಿನ ಗುಪ್ತಚರ ಇಲಾಖೆ ಸ್ಟಾಜಿಯಲ್ಲಿ 1989ರ ಹೊತ್ತಿಗೆ ಸುಮಾರು 91,000 ನೌಕರರಿದ್ದರು. ಅದರ ಮೇಲೆ ಒಂದೂಮುಕ್ಕಾಲು ಲಕ್ಷದಷ್ಟು ಜನ ಗುಟ್ಟಿನ ಸುದ್ದಿಗಾರರು: ಸಹೋದ್ಯೋಗಿಗಳು, ನೆರೆಯವರು, ಒಂದೇ ತಟ್ಟೆಯಲ್ಲಿ ಉಂಡವರು. ಜನಸಂಖ್ಯೆ ಒಂದೂವರೆ ಕೋಟಿ ಚಿಲ್ಲರೆ. ಬಿಟ್ಟುಹೋದ ಕಡತಗಳನ್ನು ಸಾಲಾಗಿ ಜೋಡಿಸಿದರೆ 111 ಕಿಲೋಮೀಟರ್. 1992ರಲ್ಲಿ ಜನರಿಗೆ ತಮ್ಮ ತಮ್ಮ ಕಡತ ಓದಲು ಅವಕಾಶ ಕೊಟ್ಟಾಗ, ಸಂಸದೆ ವೆರಾ ವೋಲೆನ್‌ಬರ್ಗರ್ ಅವರಿಗೆ ತಮ್ಮ ಬಗ್ಗೆ ಸುದ್ದಿ ಕೊಡುತ್ತಿದ್ದವನು ಸ್ವಂತ ಗಂಡನೇ ಎಂದು ತಿಳಿಯಿತು. ಅಷ್ಟು ದೊಡ್ಡ ಯಂತ್ರವೂ ನಿಂತಿದ್ದು ಈ ಸಣ್ಣಪುಟ್ಟದ್ದರ ಮೇಲೆಯೇ. ಸರ್ಕಾರದ ಕೈಯಲ್ಲಿ ಕ್ಯಾಮೆರಾ ಎಷ್ಟೇ ಇರಲಿ, ಒಲೆಯ ಪಕ್ಕದ ಮಾತು ಅದಕ್ಕೆ ತಲುಪಬೇಕೆಂದರೆ ಒಲೆಯ ಪಕ್ಕ ಕೂತವರೇ ಬೇಕು.

ಆರ್ವೆಲ್‌ನ ‘1984’ ಕೂಡ ಇದನ್ನೇ ತಿಳಿದಿತ್ತು. ಮೈಕಲ್ ರ‍್ಯಾಡ್‌ಫರ್ಡ್ ಆ ಕಾದಂಬರಿಯನ್ನು ಸರಿಯಾಗಿ 1984ರಲ್ಲೇ ಚಿತ್ರವಾಗಿಸಿದ. ಅದರಲ್ಲಿ ಪಾರ್ಸನ್ಸ್ ಎಂಬ ಪೆದ್ದು ಮನುಷ್ಯನೊಬ್ಬನಿದ್ದಾನೆ. ನಿದ್ದೆಯಲ್ಲಿ ಬಡಬಡಿಸಿದ ಮಾತಿಗಾಗಿ ಅವನನ್ನು ಹಿಡಿಸಿಕೊಟ್ಟವಳು ಅವನ ಸ್ವಂತ ಮಗಳು. ಜೈಲಿನಲ್ಲಿ ಅವನು ಮಗಳ ಬಗ್ಗೆ ಹೆಮ್ಮೆ ಪಡುತ್ತಾನೆ! ಮೊಮ್ಮಗಳು ಅಲ್ಲಿ ಥೂ ಎಂದಳು. (ಈ ಪುಸ್ತಕದ್ದೇ ಇನ್ನೊಂದು ತಮಾಷೆ: 2009ರಲ್ಲಿ ಮಾರಾಟದ ಹಕ್ಕಿನ ಗೊಂದಲದಿಂದ ಅಮೆಜಾನ್ ಕಂಪನಿ, ಕಿಂಡಲ್‌ನಲ್ಲಿ ದುಡ್ಡು ಕೊಟ್ಟು ಕೊಂಡಿದ್ದವರ ಪ್ರತಿಗಳನ್ನು ದೂರದಿಂದಲೇ ಅಳಿಸಿಹಾಕಿತು. ಅಳಿಸಿದ್ದು ಆರ್ವೆಲ್‌ನ ಪುಸ್ತಕಗಳನ್ನೇ. ಮನೆಯಲ್ಲಿ ಒಂದಿಷ್ಟು ಕಾಗದದ ಪುಸ್ತಕ ಇಟ್ಟುಕೊಳ್ಳಿ ಎಂದು ನಾನು ಗೊಣಗುವುದು ಸುಮ್ಮನೆ ಅಲ್ಲ.)

ನಮ್ಮ ರಾಜ್ಯಕ್ಕೂ ಈ ಕಥೆ ಹೊಸದಲ್ಲ. ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋದವರು ಅಲ್ಲಿ ನಡುವೆ ನಿಂತ ಕಾವಲು ಗೋಪುರ ನೋಡಿರುತ್ತೀರಿ, ಸೆಲ್ಫಿಯನ್ನೂ ತೆಗೆದಿರುತ್ತೀರಿ. ಅದು ಹಿಂದಿನ ಸೆಂಟ್ರಲ್ ಜೈಲು. ಗೋಪುರದಲ್ಲಿ ನಿಂತವನಿಗೆ ಸುತ್ತಲಿನವರೆಲ್ಲ ಕಾಣಬೇಕು ಎಂಬ ಲೆಕ್ಕ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ, ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಅವರನ್ನು ಹಿಡಿದು ಅಲ್ಲಿಟ್ಟರು. ‘ಸಂಸ್ಕಾರ’ ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿ, ಅಲ್ಲಿ ತಿಂಗಳುಗಟ್ಟಲೆ ಅಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಆ ದಿನಗಳಲ್ಲಿ ಟ್ರಂಕ್ ಕಾಲಿನಲ್ಲಿ ಜನ ಮಾತಾಡುವ ರೀತಿಯೇ ಬದಲಾಯಿತು. ಹಣದ ಮಾತು, ಮಕ್ಕಳ ಮಾತು, ಮಳೆಯ ಮಾತು, ಅಷ್ಟೇ. ‘ಉಳಿದದ್ದು ಮುಖತಃ ಮಾತಾಡೋಣ’ ಎಂದು ಫೋನ್ ಇಡುತ್ತಿದ್ದರು. ನಾನು ಕೀ ಎತ್ತಿದ್ದೇನೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಹೆದರುತ್ತಿದ್ದರು.

ಆಮೇಲೆ 1988ರ ಆಗಸ್ಟ್. ರಾಜಕಾರಣಿಗಳ, ಮತ್ತಿತರರ ಫೋನ್ ಕದ್ದಾಲಿಕೆಯ ಆರೋಪ ಬಂದು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಕದ್ದಾಲಿಕೆ ಎಂಬ ಪದ ಆಗ ದಿನಾ ಪೇಪರಿನಲ್ಲಿ ದಪ್ಪ ಅಕ್ಷರದಲ್ಲಿರುತ್ತಿತ್ತು. ನಾನು ಅದನ್ನು ಮಡಚಿ ಪಕ್ಕಕ್ಕಿಡುತ್ತಿದ್ದೆ. ಒಬ್ಬ ಮುಖ್ಯಮಂತ್ರಿಯ ಕುರ್ಚಿ ಹೋಯಿತು. ನನ್ನ ಕುರ್ಚಿ ಹೋಗಲಿಲ್ಲ.

ಕಾನೂನಿಲ್ಲವೇ ಎಂದು ಕೇಳುತ್ತೀರಿ. ಇದೆ, ಅದರಲ್ಲೂ ನಮ್ಮವರ ಪಾಲು ದೊಡ್ಡದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಬೇರೆಯವರು ಆ ವಯಸ್ಸಿನಲ್ಲಿ ಔಷಧದ ಡಬ್ಬಿ ಹುಡುಕುತ್ತಿರುತ್ತಾರೆ. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. 98 ವರ್ಷ ಬದುಕಿ 2024ರಲ್ಲಿ ಹೋದರು ಹಿರಿಯರು. ಸರ್ಕಾರ ಮನೆ ಬಾಗಿಲಿಗೆ ಬಂದರೆ ನಿಮ್ಮ ಕೈಯಲ್ಲಿ ಆ ತೀರ್ಪಿದೆ. ಆದರೆ ನೀವು ನಿಮ್ಮ ಹುಡುಗಿಯ ಫೋನಿನ ಪಾಸ್‌ವರ್ಡ್ ಕೇಳಿದಾಗ, ‘ನನ್ನ ಮೇಲೆ ಪ್ರೀತಿ ಇದ್ದರೆ ಕೊಡು’ ಎಂದಾಗ, ಅವಳು ಆ ತೀರ್ಪು ತೆಗೆದು ತೋರಿಸಲು ಆಗುತ್ತದೆಯೇ? ಕೇಳಬೇಡಿ. ಕೇಳಿದರೆ ಕೊಡಬೇಡಿ. ಪ್ರೀತಿಸುವವರ ನಡುವೆಯೂ ಒಂದು ಬಾಗಿಲಿರಬೇಕು, ಅದು ತಟ್ಟಿ ಬರುವ ಬಾಗಿಲಾಗಿರಬೇಕು.

ಇನ್ನೊಂದು ದೃಶ್ಯ ಹೇಳುತ್ತೇನೆ. ಸ್ಪೀಲ್‌ಬರ್ಗ್‌ನ 2002ರ ಚಿತ್ರ ‘ಮೈನಾರಿಟಿ ರಿಪೋರ್ಟ್’. 2054ರ ವಾಷಿಂಗ್ಟನ್, ಕೊಲೆ ನಡೆಯುವ ಮೊದಲೇ ಕೊಲೆಗಾರನನ್ನು ಹಿಡಿಯುವ ಪೊಲೀಸರು. ಅಂಗಡಿಗೆ ಕಾಲಿಟ್ಟರೆ ಜಾಹೀರಾತುಗಳು ಕಣ್ಣಿನ ಪಾಪೆ ಓದಿ ಹೆಸರು ಹಿಡಿದು ಕರೆಯುತ್ತವೆ. ಅದನ್ನು ಕಂಡು ನೀವು ಆಶ್ಚರ್ಯಪಡುವ ಕಾಲ ಮುಗಿದಿದೆ. ನಾನು ಹೇಳುವುದು ಬಾಡಿಗೆ ಮನೆಗಳ ವಠಾರದೊಳಗೆ ಜೇಡದಂಥ ಯಂತ್ರಗಳು ನುಗ್ಗುವ ದೃಶ್ಯವನ್ನು. ಮೇಲಿಂದ ಒಂದೊಂದೇ ಮನೆ ಕಾಣುತ್ತದೆ. ಒಂದರಲ್ಲಿ ಗಂಡ ಹೆಂಡತಿ ಜೋರು ಜಗಳದಲ್ಲಿದ್ದಾರೆ. ಜೇಡ ಬಂತು. ಇಬ್ಬರೂ ಜಗಳ ನಿಲ್ಲಿಸಿ ಕಣ್ಣು ತೋರಿಸಿದರು. ಜೇಡ ಹೋಯಿತು. ಜಗಳ ಮುಂದುವರಿಯಿತು. ಕಿರುಚಲಿಲ್ಲ, ‘ನೀನು ಯಾರು’ ಎಂದು ಕೇಳಲಿಲ್ಲ. ಪಕ್ಕದ ಮನೆಯ ಮಕ್ಕಳು ಮಾತ್ರ ಹೆದರಿದರು. ಮಕ್ಕಳಿಗೆ ಇನ್ನೂ ಅಭ್ಯಾಸವಾಗಿರಲಿಲ್ಲ.

ಆ ಹೆದರಿಕೆಯನ್ನು ಕಳೆದುಕೊಳ್ಳಬೇಡಿ. ಹೊಸ ಆ್ಯಪ್ ಒಂದು ನಿಮ್ಮ ಫೋನಿನ ಮೈಕು, ಫೋಟೊ, ಹೆಸರುಗಳ ಪಟ್ಟಿ ಎಲ್ಲ ಕೇಳಿದಾಗ ಒಪ್ಪಿಗೆಯ ಗುಂಡಿ ಒತ್ತುವ ಬೆರಳು ಒಂದು ಗಳಿಗೆ ನಿಲ್ಲಲಿ. ಟಾರ್ಚ್ ಹತ್ತಿಸುವ ಆ್ಯಪ್‌ಗೆ ನಿಮ್ಮ ದೊಡ್ಡಪ್ಪನ ನಂಬರ್ ಯಾಕೆ ಬೇಕು ಎಂದು ಕೇಳಿಕೊಳ್ಳಿ. ಅಂಗಡಿಯಲ್ಲಿ ಎರಡು ಬನಿಯನ್ ಕೊಂಡದ್ದಕ್ಕೆ ಫೋನ್ ನಂಬರ್ ಹೇಳಿ ಎಂದರೆ ‘ಇಲ್ಲಪ್ಪ, ಕೊಡಲ್ಲ’ ಎನ್ನಲು ಕಲಿಯಿರಿ. ನಾನು ಪ್ರತಿ ಸಲ ಹೇಳುತ್ತೇನೆ, ಪ್ರತಿ ಸಲ ಬನಿಯನ್ ಕೊಟ್ಟಿದ್ದಾರೆ.

‘ದಿ ಟ್ರೂಮನ್ ಶೋ’ ನಾವು ಕೊನೆಯಲ್ಲಿ ನೋಡಿದ್ದು. ಪೀಟರ್ ವಿಯರ್ ನಿರ್ದೇಶನದ 1998ರ ಚಿತ್ರ. ಹುಟ್ಟಿದಾಗಿನಿಂದ ಸುಮಾರು 30 ವರ್ಷ ಒಬ್ಬ ಮನುಷ್ಯನ ಬದುಕನ್ನು, ಅವನಿಗೇ ಗೊತ್ತಿಲ್ಲದಂತೆ, 5,000 ಕ್ಯಾಮೆರಾಗಳಲ್ಲಿ ಲೋಕಕ್ಕೆಲ್ಲ ತೋರಿಸುವ ಕಥೆ. ಅವನ ಊರು ಸೆಟ್, ಅವನ ಹೆಂಡತಿ ನಟಿ, ಅವನ ಆಕಾಶ ಬಣ್ಣ ಬಳಿದ ಗೋಡೆ. ಇಲ್ಲಿ ಸರ್ವಾಧಿಕಾರಿಯಿಲ್ಲ, ಪೊಲೀಸರಿಲ್ಲ. ಇರುವುದು ನೋಡುಗರು. ಬಚ್ಚಲ ತೊಟ್ಟಿಯಲ್ಲಿ ಮಲಗಿ ನೋಡುವವನೊಬ್ಬ, ಟ್ರೂಮನ್‌ನ ಮುಖವಿರುವ ದಿಂಬು ಅಪ್ಪಿಕೊಂಡು ನೋಡುವ ಇಬ್ಬರು ಮುದುಕಿಯರು, ಪಾರ್ಕಿಂಗ್ ಕಾಯುವ ಇಬ್ಬರು. ಎಲ್ಲರಿಗೂ ಅವನೆಂದರೆ ಪ್ರಾಣ. ಅವನು ದೋಣಿ ಹತ್ತಿ, ಬಿರುಗಾಳಿ ದಾಟಿ, ಆ ಬಣ್ಣದ ಗೋಡೆಯಲ್ಲಿ ಬಾಗಿಲು ಕಂಡು ಹೊರಗೆ ನಡೆದಾಗ ಅವರೆಲ್ಲ ಅಳುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. 30 ವರ್ಷ ಅವನನ್ನು ಒಳಗೆ ಹಿಡಿದಿಟ್ಟದ್ದು ತಮ್ಮ ಕಣ್ಣೇ ಎಂದು ಒಬ್ಬರಿಗೂ ಅನ್ನಿಸುವುದಿಲ್ಲ. ಪ್ರಸಾರ ನಿಂತ ಮೇಲೆ ಪಾರ್ಕಿಂಗಿನ ಆ ಇಬ್ಬರು ಬೇರೆ ಚಾನೆಲ್‌ನಲ್ಲಿ ಏನಿದೆಯೆಂದು ಹುಡುಕಲು ಶುರುಮಾಡುತ್ತಾರೆ.

ಟೀಚರ್ ಊರು ಬಿಟ್ಟ ನಂತರದ ಶನಿವಾರ ಸಂಜೆ ನಾನೂ ಬೇರೆ ಲೈನಿಗೆ ಕೀ ಎತ್ತಿದ್ದೆ. ಇದನ್ನು ಮೊಮ್ಮಗಳಿಗೂ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ.

ಚಟ ಬಿಡುವುದು ಕಷ್ಟ, ಆದರೆ ನಿಮ್ಮ ವಯಸ್ಸಿಗೆ ಆಗುತ್ತದೆ. ಕ್ಯಾಮೆರಾನೇ ಬೇಡ ಎಂದು ನಾನು ಹೇಳುವುದಿಲ್ಲ. ನಮ್ಮ ಬೀದಿಯಲ್ಲಿ ಸರ ಕಿತ್ತುಕೊಂಡು ಓಡಿದವನು ಸಿಕ್ಕಿದ್ದು ಅದರಿಂದಲೇ. ರಾತ್ರಿ ಆಟೊದಲ್ಲಿ ಬರುವಾಗ ಲೊಕೇಶನ್ ಹಂಚಿಕೊಂಡರೆ ಧೈರ್ಯ ಎಂದು ಮೊಮ್ಮಗಳು ವಾದಿಸುತ್ತಾಳೆ, ಅದೂ ಸರಿಯೇ. ಹಂಚಿಕೊಳ್ಳಿ. ಮನೆ ಸೇರಿದ ಮೇಲೆ ನಿಲ್ಲಿಸಿ. ಬೇಕಾದಾಗ ಎತ್ತುವುದು, ಕೆಲಸ ಮುಗಿದ ಕೂಡಲೇ ಇಳಿಸುವುದು. ನನಗೆ ಬೋರ್ಡಿನ ಮುಂದೆ ಹೇಳಿಕೊಟ್ಟ ನಿಯಮವೂ ಅದೇ ಆಗಿತ್ತು, ನಾನು ಪಾಲಿಸಲಿಲ್ಲ.

ಹೋದ ತಿಂಗಳವರೆಗೂ ಅವಳ ಲೊಕೇಶನ್ ನನ್ನ ಫೋನಿನಲ್ಲಿ ಯಾವಾಗಲೂ ಇರುತ್ತಿತ್ತು. ನನ್ನ ಸಮಾಧಾನಕ್ಕೆಂದು ಅವಳೇ ಹಾಕಿಕೊಟ್ಟಿದ್ದಳು. ಒಂದು ಗುರುವಾರ ರಾತ್ರಿ ಸುಮ್ಮನೆ ತೆರೆದೆ. ನೀಲಿ ಚುಕ್ಕಿ ಜಯನಗರದ ಯಾವುದೋ ಅಡ್ಡರಸ್ತೆಯಲ್ಲಿ ನಿಂತಿತ್ತು. ಕಾಲು ಗಂಟೆ ಬಿಟ್ಟು ನೋಡಿದೆ, ಅಲ್ಲೇ. ಅರ್ಧ ಗಂಟೆ, ಅಲ್ಲೇ. ಟಿವಿಯನ್ನು ಆರಿಸಿ ಅದನ್ನೇ ನೋಡುತ್ತ ಕೂತೆ. ಅಲ್ಲಿ ಯಾರ ಮನೆ ಇರಬಹುದು, ಹುಡುಗನೋ ಹುಡುಗಿಯೋ, ನಮ್ಮವರೋ ಅಲ್ಲವೋ, ಇವಳ ಅಮ್ಮನಿಗೆ ಗೊತ್ತೋ ಇಲ್ಲವೋ. ಹತ್ತೂಮುಕ್ಕಾಲಿಗೆ ಅವಳು ಬಂದು ಚಪ್ಪಲಿ ಬಿಡುವಷ್ಟರಲ್ಲಿ ನನ್ನ ಬಾಯಿ ತೆರೆದುಕೊಂಡಿತು: “ಆ ಅಡ್ಡರಸ್ತೆಯಲ್ಲಿ ಅಷ್ಟು ಹೊತ್ತು ಏನು ಕೆಲಸ ಪುಟ್ಟಿ?”

ಅವಳು ಉತ್ತರ ಕೊಡಲಿಲ್ಲ. ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ಮೊದಲೊಮ್ಮೆ ಕಿಟಕಿಯ ಸರಳುಗಳ ಆಚೆ ನೋಡಿದ್ದೆ.

ಬೆಳಗ್ಗೆ ಕಾಫಿ ಕೊಡುವಾಗ ಫೋನನ್ನು ಅವಳ ಮುಂದಿಟ್ಟು ಅದನ್ನು ತೆಗೆದುಹಾಕು ಎಂದೆ. ಯಾಕಜ್ಜಿ ಎಂದಳು. ನನಗೆ ಕ್ಲಿಯರಾಗಿ ಕೇಳಿಸುತ್ತಿದೆ, ಅದಕ್ಕೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ, ತೆಗೆದುಹಾಕಿದಳು. ಈಗ ಗುರುವಾರ ಅವಳು ಎಲ್ಲಿರುತ್ತಾಳೆ ಎಂದು ನನಗೆ ಗೊತ್ತಿಲ್ಲ. ಹತ್ತೂವರೆಗೆ ಸಾರು ಬಿಸಿ ಮಾಡಿ, ಮುಚ್ಚಿಟ್ಟು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರುತ್ತೇನೆ. ಫೋನನ್ನು ಒಳಗಿನ ಕೋಣೆಯಲ್ಲಿ ಬಿಟ್ಟು ಬರುತ್ತೇನೆ.